ದೂರ ಹೋಗಬೇಕಾದ ಸಂಕೇತಕ್ಕೆ ಯಾವ ತಂತಿ, ಎಷ್ಟು ಎತ್ತರ?

ಓದುಗರ ಪ್ರಶ್ನೆ – ಹ್ಯಾಮ್ ರೇಡಿಯೊ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಂತಿ ಆಂಟೆನಾ ಕುರಿತವು. ಗೋಪುರವಿಲ್ಲ, ಬೇಕಾದ ದಿಕ್ಕಿಗೆ ತಿರುಗಿಸುವ ಯಾಗಿ ಆಂಟೆನಾ ಇಲ್ಲ. ಒಂದಿಷ್ಟು ತಾಮ್ರದ ತಂತಿ, ಹಗ್ಗ, ಒಂದೆರಡು ಕಂಬ ಇಷ್ಟರಲ್ಲೇ ಸಾಗರದಾಚೆ ಮಾತಾಡಬಹುದೇ ಎಂದು ಹಲವರು ಕೇಳಿದ್ದಾರೆ. ಖಂಡಿತ ಆಗುತ್ತದೆ. ಆದರೆ ಬಹಳಷ್ಟು ಪತ್ರಗಳು ‘ಯಾವ ಆಂಟೆನಾ?’ ಎಂದು ಕೇಳಿ ಎತ್ತರದ ಮಾತನ್ನೇ ಬಿಟ್ಟಿವೆ. ಅದಕ್ಕಾಗಿ ಎತ್ತರ ಬರೆದು ಕಳಿಸಿದ ಪತ್ರವನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಪ್ರಶ್ನೆ: 7 ಮೆಗಾಹರ್ಟ್ಸ್‌ಗೆ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ತೋಳಿನ ಅಡ್ಡ ತಂತಿ) ಕಟ್ಟಿದ್ದೇನೆ. ಎತ್ತರ 8 ಮೀಟರ್, ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಎಷ್ಟು ಮರಳಿ ಬರುತ್ತದೆ ಎಂಬುದರ ಅಳತೆ, 1 ಇದ್ದರೆ ಏನೂ ಮರಳದು) 1.2, ರೇಡಿಯೊ 100 ವ್ಯಾಟ್. 300–400 ಕಿಲೋಮೀಟರ್ ಒಳಗಿನವರು ಪಕ್ಕದ ಕೋಣೆಯಲ್ಲಿ ಕೂತಂತೆ ಕೇಳಿಸುತ್ತಾರೆ. ಬೇರೆ ಖಂಡದ ಕೆಲವರು ಕೇಳಿಸಿದರೂ ನನ್ನ ಕರೆಗೆ ಓಗೊಡುವುದಿಲ್ಲ. ದೋಷ ಎಲ್ಲಿದೆ?

ಉತ್ತರ: ಆಂಟೆನಾದಲ್ಲಿ ದೋಷವಿಲ್ಲ. ಅದು ತನ್ನ ಎತ್ತರಕ್ಕೆ ತಕ್ಕಂತೆ ನಡೆದುಕೊಳ್ಳುತ್ತಿದೆ. 7 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 42 ಮೀಟರ್. 8 ಮೀಟರ್ ಎಂದರೆ ಅದರ ಐದನೇ ಒಂದು ಭಾಗವೂ ಆಗಲಿಲ್ಲ. ಇಷ್ಟು ತಗ್ಗಿನಲ್ಲಿರುವ ಅಡ್ಡ ತಂತಿಯಿಂದ ನೇರ ಹೊರಟ ಅಲೆ, ನೆಲಕ್ಕೆ ಬಡಿದು ಮೇಲೆದ್ದ ಅಲೆ ಎರಡೂ ನೆತ್ತಿಯ ಕಡೆಗೆ ಕೂಡಿಕೊಳ್ಳುತ್ತವೆ. ದಿಗಂತದ ಕಡೆಗೆ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಶಕ್ತಿಯ ಬಹುಪಾಲು ನೇರ ಮೇಲೆ ಹೋಗಿ, ರೇಡಿಯೊ ಅಲೆಯನ್ನು ಮರಳಿಸುವ ವಾತಾವರಣದ ಮೇಲಿನ ಹೊದಿಕೆಯಾದ ಅಯಾನುಗೋಳಕ್ಕೆ ತಾಗಿ, ಸುತ್ತಲ ಕೆಲವು ನೂರು ಕಿಲೋಮೀಟರಿನಲ್ಲಿ ಮಳೆಯಂತೆ ಇಳಿಯುತ್ತದೆ. ಹತ್ತಿರದವರು ಅಷ್ಟು ಜೋರಾಗಿ ಕೇಳಿಸುವುದು ಅದಕ್ಕೇ.

ದೂರ ಹೋಗಲು ಸಂಕೇತ ತಗ್ಗಿನ ಕೋನದಲ್ಲಿ ಹೊರಡಬೇಕು. ಅಯಾನುಗೋಳದ ಎಫ್ ಪದರ 300 ಕಿಲೋಮೀಟರ್ ಎತ್ತರದಲ್ಲಿದೆ ಎಂದುಕೊಂಡು ಲೆಕ್ಕ ಹಾಕಿ ನೋಡಿ. ನೆಲದಿಂದ 30 ಡಿಗ್ರಿಯಲ್ಲಿ ಹೊರಟ ಅಲೆ ಒಂದು ಜಿಗಿತಕ್ಕೆ ಸುಮಾರು 900 ಕಿಲೋಮೀಟರ್ ದೂರದಲ್ಲಿ ಇಳಿಯುತ್ತದೆ. 10 ಡಿಗ್ರಿಯಲ್ಲಿ ಹೊರಟರೆ 2,200, 5 ಡಿಗ್ರಿಯಲ್ಲಾದರೆ 2,900. ಹಾಗಾಗಿ 8,000 ಕಿಲೋಮೀಟರ್ ಆಚೆಯವರನ್ನು ಮುಟ್ಟಲು 10 ಡಿಗ್ರಿಯ ಅಲೆಗೆ ನಾಲ್ಕು ಜಿಗಿತ ಸಾಕು, 30 ಡಿಗ್ರಿಯದಕ್ಕೆ ಒಂಬತ್ತು ಬೇಕು. ಪ್ರತಿ ಸಲ ನೆಲ ಮುಟ್ಟಿದಾಗಲೂ ಕೆಳಗಿನ ಪದರಗಳನ್ನು ದಾಟಿದಾಗಲೂ ಸಂಕೇತ ಸೊರಗುತ್ತದೆ. ಒಂಬತ್ತು ಜಿಗಿತದ ಕೊನೆಗೆ ಉಳಿಯುವುದು ಅತ್ಯಲ್ಪ.

ಅಡ್ಡ ಡೈಪೋಲಿನ ಮುಖ್ಯ ಕೋನವನ್ನು ಕೂತಲ್ಲೇ ಅಂದಾಜು ಮಾಡಬಹುದು: ತರಂಗಾಂತರವನ್ನು ಎತ್ತರದ ನಾಲ್ಕು ಪಟ್ಟಿನಿಂದ ಭಾಗಿಸಿ, ಬಂದ ಸಂಖ್ಯೆ ಯಾವ ಕೋನದ ಸೈನ್ ಎಂದು ನೋಡಿ. ಅರ್ಧ ತರಂಗಾಂತರ ಎತ್ತರಕ್ಕೆ 30 ಡಿಗ್ರಿ, ಪೂರ್ಣ ತರಂಗಾಂತರಕ್ಕೆ ಹದಿನಾಲ್ಕೂವರೆ ಬರುತ್ತದೆ. ಕಾಲು ತರಂಗಾಂತರ ಅಥವಾ ಅದಕ್ಕಿಂತ ತಗ್ಗಿದ್ದರೆ ಕೋನ 90 ಡಿಗ್ರಿ, ಅಂದರೆ ನೆತ್ತಿ. 7 ಮೆಗಾಹರ್ಟ್ಸ್‌ನಲ್ಲಿ 30 ಡಿಗ್ರಿ ಬೇಕೆಂದರೆ ತಂತಿ 21 ಮೀಟರ್ ಮೇಲಿರಬೇಕು. ಒಳ್ಳೆಯ ನೆಲದ ಮೇಲೆ 8 ಮೀಟರಿನಿಂದ 21ಕ್ಕೆ ಏರಿಸಿದರೆ 15 ಡಿಗ್ರಿ ಕೋನದಲ್ಲಿ ಸುಮಾರು 7 ಡೆಸಿಬೆಲ್ ಲಾಭ. 100 ವ್ಯಾಟಿನ ಬದಲು 500 ವ್ಯಾಟ್ ಕಳಿಸಿದ ಹಾಗೆ. ಮೇಲಾಗಿ ಈ ಲಾಭ ಕೇಳುವಾಗಲೂ ಸಿಗುತ್ತದೆ, ಆಂಪ್ಲಿಫೈಯರ್ ಕೊಂಡರೆ ಅದು ಸಿಗದು.

21 ಮೀಟರ್ ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಅದೇ 8 ಮೀಟರಿನಲ್ಲಿ ಬ್ಯಾಂಡ್ ಬದಲಿಸಿ ನೋಡಿ. 14 ಮೆಗಾಹರ್ಟ್ಸ್‌ಗೆ ಕೋನ ಸುಮಾರು 41 ಡಿಗ್ರಿ, 21ಕ್ಕೆ 26, 28ಕ್ಕೆ 19. ಕಂಬ ಅದೇ, ಅಲೆ ಚಿಕ್ಕದಾದಂತೆ ಕಂಬ ತಾನೇ ಎತ್ತರವಾಯಿತು. ನಿಮಗೆ ನಮ್ಮ ಸಲಹೆ ಇದು: ಈಗಿನ ಡೈಪೋಲನ್ನು ಹತ್ತಿರದ ಮಾತಿಗೆ ಹಾಗೆಯೇ ಬಿಡಿ. ದೂರಕ್ಕೆ 14 ಅಥವಾ 21 ಮೆಗಾಹರ್ಟ್ಸ್‌ಗೆ ಇನ್ನೊಂದು ಕಟ್ಟಿ. 7 ಮೆಗಾಹರ್ಟ್ಸ್‌ನಲ್ಲೇ ದೂರ ಬೇಕೆಂದರೆ ಮುಂದಿನ ಉತ್ತರ ಓದಿ. ಹಗಲಿನಲ್ಲಿ ಈ ಬ್ಯಾಂಡನ್ನು ಅಯಾನುಗೋಳದ ಡಿ ಪದರ ಹೀರಿಕೊಳ್ಳುತ್ತದೆ ಎನ್ನುವುದೂ ನೆನಪಿರಲಿ. ದೂರದ ಬಾಗಿಲು ತೆರೆಯುವುದು ಕತ್ತಲಲ್ಲಿ, ಮುಸ್ಸಂಜೆ ಮತ್ತು ನಸುಕಿನ ಹೊತ್ತಿನಲ್ಲಿ.

ಪ್ರಶ್ನೆ: ನನ್ನಲ್ಲಿರುವುದು ಒಂದೇ ಕಂಬ, 12 ಮೀಟರ್, ಫೈಬರ್‌ನದು. 7 ಮೆಗಾಹರ್ಟ್ಸ್‌ನಲ್ಲಿ ದೂರ ಹೋಗಬೇಕು. ಇನ್ವರ್ಟೆಡ್ ವಿ (ನಡು ಮೇಲೆ, ತೋಳುಗಳು ಕೆಳಕ್ಕೆ ಇಳಿದ ಡೈಪೋಲ್) ಕಟ್ಟಲೇ, ನೆಟ್ಟಗೆ ನಿಲ್ಲುವ ವರ್ಟಿಕಲ್ ಮಾಡಲೇ?

ಉತ್ತರ: ವರ್ಟಿಕಲ್. ಇನ್ವರ್ಟೆಡ್ ವಿ ಕಟ್ಟುವುದು ಸುಲಭ ನಿಜ. ಆದರೆ 12 ಮೀಟರ್ ತುದಿಯಿಂದ 10 ಮೀಟರ್ ತೋಳುಗಳನ್ನು 120 ಡಿಗ್ರಿ ತೆರೆದು ಇಳಿಸಿದರೆ ತುದಿಗಳು 7 ಮೀಟರಿಗೆ ಬರುತ್ತವೆ. 90 ಡಿಗ್ರಿಗೆ ಮಡಿಸಿದರೆ 5 ಮೀಟರಿಗೆ. ಲೆಕ್ಕಕ್ಕೆ ಬರುವ ಎತ್ತರ ಕಂಬದ ತುದಿಯದಲ್ಲ, ಇಡೀ ತಂತಿಯ ಸರಾಸರಿ. ಹಾಗಾಗಿ ಅದು ಹಿಂದಿನ ಪ್ರಶ್ನೆಯವರ ಡೈಪೋಲಿನ ಅಣ್ಣ, ಅಷ್ಟೆ. ಸಾವಿರ, ಸಾವಿರದೈನೂರು ಕಿಲೋಮೀಟರ್ ತನಕ ಸೊಗಸಾಗಿ ದುಡಿಯುತ್ತದೆ. (ಕಟ್ಟುವುದೇ ಆದರೆ ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗದಿರಲಿ. ಮಡಿಸಿದ ತಂತಿ ನೇರ ಡೈಪೋಲಿಗಿಂತ ತುಸು ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅನುರಣಿಸುವುದರಿಂದ ಸ್ವಲ್ಪ ಕತ್ತರಿಸಬೇಕಾಗುತ್ತದೆ.)

ಕಾಲು ತರಂಗಾಂತರದ ವರ್ಟಿಕಲ್ ತನ್ನ ಶಕ್ತಿಯನ್ನು ನೆತ್ತಿಗೆ ಕಳಿಸುವುದೇ ಇಲ್ಲ. ತಗ್ಗಿನ ಕೋನದಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ಉದ್ದ ಮೀಟರಿನಲ್ಲಿ ಬೇಕಾದರೆ 71.3ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 7.1ಕ್ಕೆ 10.04 ಮೀಟರ್. ತಂತಿ ಕಂಬದ ಪಕ್ಕದಲ್ಲೇ ಏರಲಿ. ಕಂಬ ಲೋಹದ್ದಾಗಿದ್ದರೆ ಈ ಮಾತು ನಡೆಯುವುದಿಲ್ಲ, ಕಂಬವೂ ಆಂಟೆನಾದ ಭಾಗವಾಗಿ ಅಳತೆ ಕೆಡಿಸುತ್ತದೆ. ನಿಮ್ಮದು ಫೈಬರ್ ಆಗಿರುವುದು ಅನುಕೂಲ.

ವರ್ಟಿಕಲ್‌ನಲ್ಲಿ ಜನ ಸೋಲುವುದು ನೆಲದಲ್ಲಿ. ರೇಡಿಯೊದಿಂದ ಬರುವ ಕೋಯಾಕ್ಸ್ ಕೇಬಲಿನ ಹೊರ ಹೆಣಿಗೆಗೆ ಜೋಡಿಸಿ, ಬುಡದಿಂದ ಸುತ್ತಲೂ ಹರಡುವ ರೇಡಿಯಲ್ ತಂತಿಗಳೇ ಆಂಟೆನಾದ ಇನ್ನರ್ಧ. ಒಂದು ಸರಳನ್ನು ನೆಲಕ್ಕೆ ಬಡಿದು ಅದಕ್ಕೆ ಜೋಡಿಸಿದರೆ ಸಿಡಿಲಿನ ಅರ್ತಿಂಗ್ ಆದೀತು, ರೇಡಿಯಲ್ ಆಗದು. ಇಲ್ಲೊಂದು ಮೋಸವಿದೆ. ನಷ್ಟವಿಲ್ಲದ ನೆಲದ ಮೇಲೆ ಈ ಆಂಟೆನಾದ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 36 ಓಮ್. ನಿಮ್ಮ ನೆಲ 14 ಓಮ್ ನಷ್ಟ ಸೇರಿಸಿದರೆ ಮೊತ್ತ 50 ಓಮ್, ಕೇಬಲಿಗೆ ಸರಿಸಮ, ಎಸ್‌ಡಬ್ಲ್ಯುಆರ್ 1.0! ಮೀಟರ್ ನೋಡಿ ಸಂತೋಷವಾಗುತ್ತದೆ. ಆದರೆ 100ರಲ್ಲಿ 28 ವ್ಯಾಟ್ ಮಣ್ಣನ್ನು ಕಾಯಿಸುತ್ತಿದೆ. ರೇಡಿಯಲ್ ಹೆಚ್ಚಿಸುತ್ತ ಹೋದಂತೆ ಎಸ್‌ಡಬ್ಲ್ಯುಆರ್ 1.4ರ ಕಡೆಗೆ ಏರುತ್ತದೆ. ಗಾಬರಿಯಾಗಿ ರೇಡಿಯಲ್ ಕೀಳಬೇಡಿ, ಆಂಟೆನಾ ಸುಧಾರಿಸುತ್ತಿದೆ ಎಂಬುದರ ಗುರುತು ಅದು.

ನೆಲದ ಮೇಲೆ ಹಾಸುವುದಾದರೆ 16 ತಂತಿಗಳಿಂದ ಆರಂಭಿಸಿ, 32 ಆದರೆ ಇನ್ನೂ ಒಳ್ಳೆಯದು. ಉದ್ದ 5ರಿಂದ 10 ಮೀಟರ್, ಕರಾರುವಾಕ್ ಅಳತೆ ಬೇಕಿಲ್ಲ, ಮಣ್ಣಿಗೆ ತಾಗಿದ ತಂತಿ ಅನುರಣಿಸುವುದಿಲ್ಲ. ಕೈಯಲ್ಲಿರುವ ತಂತಿ ಕಡಿಮೆಯಿದ್ದರೆ ನಾಲ್ಕು ಉದ್ದ ತಂತಿಗಿಂತ ಹದಿನಾರು ಗಿಡ್ಡ ತಂತಿ ಮೇಲು. ಹಾಸಲು ಜಾಗವಿಲ್ಲದಿದ್ದರೆ ನಾಲ್ಕು ರೇಡಿಯಲ್‌ಗಳನ್ನು ನೆಲದಿಂದ 2.5–3 ಮೀಟರ್ ಮೇಲೆ ನಾಲ್ಕು ದಿಕ್ಕಿಗೆ ಎಳೆಯಿರಿ. ಆಗ ಮಾತ್ರ ಪ್ರತಿಯೊಂದೂ ಕಾಲು ತರಂಗಾಂತರ, ಅಂದರೆ 10 ಮೀಟರ್ ಇರಬೇಕು, ನಾಲ್ಕೂ ಒಂದೇ ಅಳತೆ. ಫೀಡ್ ಪಾಯಿಂಟ್ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗ) 3 ಮೀಟರಿಗೆ ಏರಿದ್ದರಿಂದ ಮೇಲಿನ ತಂತಿ ಕಂಬಕ್ಕಿಂತ 1 ಮೀಟರ್ ಹೆಚ್ಚಾಗುತ್ತದೆ. ಆ ತುದಿಯನ್ನು ಅಡ್ಡ ಎಳೆದು ಕಟ್ಟಿದರೆ ಸಾಕು, ನಷ್ಟ ಲೆಕ್ಕಕ್ಕಿಲ್ಲ. ಎರಡು ವಿಧಾನದಲ್ಲೂ ಫೀಡ್ ಪಾಯಿಂಟಿನಲ್ಲಿ ಚೋಕ್ (ಕೇಬಲಿನ ಹೊರ ಮೈಯಲ್ಲಿ ಹರಿಯುವ ಕರೆಂಟ್ ತಡೆಯುವ ಸುರುಳಿ) ಹಾಕಿ: ಮಿಕ್ಸ್ 31ರ ಎಫ್‌ಟಿ240 ಫೆರೈಟ್ ಉಂಗುರಕ್ಕೆ ಆರ್‌ಜಿ-58 ಕೇಬಲ್ 12 ಸುತ್ತು. ಎತ್ತರದ ರೇಡಿಯಲ್‌ಗೆ ಇದಿಲ್ಲದಿದ್ದರೆ ಕೋಯಾಕ್ಸೇ ಐದನೆಯ ರೇಡಿಯಲ್ ಆಗಿ ಮನೆಯೊಳಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ವರ್ಟಿಕಲ್ ಸುತ್ತಮುತ್ತಲ ವಿದ್ಯುತ್ ಗದ್ದಲವನ್ನು ಅಡ್ಡ ತಂತಿಗಿಂತ ಹೆಚ್ಚು ಹೀರುತ್ತದೆ. ಕಳಿಸಲು ವರ್ಟಿಕಲ್, ಕೇಳಲು ತಗ್ಗಿನ ಡೈಪೋಲ್ ಎಂದು ಎರಡನ್ನೂ ಇಟ್ಟುಕೊಳ್ಳುವವರು ಬಹಳ ಮಂದಿ.

ಪ್ರಶ್ನೆ: 49:1 ಟ್ರಾನ್ಸ್‌ಫಾರ್ಮರ್ ಹಾಕಿ 20 ಮೀಟರ್ ಉದ್ದದ ಎಂಡ್-ಫೆಡ್ (ತುದಿಯಿಂದ ಫೀಡ್ ಮಾಡುವ) ತಂತಿ ಕಟ್ಟಿದೆ. ಎಸ್‌ಡಬ್ಲ್ಯುಆರ್ ನಾಲ್ಕು ಬ್ಯಾಂಡಿನಲ್ಲೂ 2ರ ಒಳಗೆ. ಆದರೆ ಹತ್ತು ನಿಮಿಷ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ನಡೆಸಿದರೆ ಪೆಟ್ಟಿಗೆ ಬಿಸಿಯಾಗುತ್ತದೆ, ಎಸ್‌ಡಬ್ಲ್ಯುಆರ್ ತೇಲಾಡುತ್ತದೆ. ಮೈಕ್ ಮುಟ್ಟಿದರೆ ತುಟಿಗೆ ಚುರುಕ್ ಎನ್ನುತ್ತದೆ, ಕಂಪ್ಯೂಟರಿನ ಯುಎಸ್‌ಬಿ ಸಂಪರ್ಕವೂ ಕಡಿಯುತ್ತದೆ.

ಉತ್ತರ: ಇವು ಎರಡು ಬೇರೆ ಕಾಯಿಲೆಗಳು.

ಬಿಸಿಯಾಗುವುದು ಫೆರೈಟ್ ಉಂಗುರ. ಮಾತಿನಲ್ಲಿ ಶಕ್ತಿ ಏರಿಳಿಯುತ್ತದೆ. ಎಫ್‌ಟಿ8ನಲ್ಲಿ ಪ್ರತಿ ಸರದಿಯಲ್ಲೂ ಹನ್ನೆರಡು ಸೆಕೆಂಡಿಗೂ ಹೆಚ್ಚು ಕಾಲ ಪೂರ್ಣ ಶಕ್ತಿ ಒಂದೇ ಸಮ ಹರಿಯುತ್ತದೆ. ಬಿಸಿಯೇರಿದ ಫೆರೈಟಿನ ಗುಣ ಬದಲಾಗುತ್ತದೆ, ಅದರೊಡನೆ ಎಸ್‌ಡಬ್ಲ್ಯುಆರ್ ಕೂಡ. ಉಂಗುರ ಎಫ್‌ಟಿ140-43 ಗಾತ್ರದ್ದಾಗಿದ್ದರೆ ಅದು 100 ವ್ಯಾಟಿನ ಡಿಜಿಟಲ್ ಕೆಲಸಕ್ಕೆ ಸಾಲದು. ಹೊರವ್ಯಾಸ 61 ಮಿಲಿಮೀಟರ್ ಇರುವ ಎಫ್‌ಟಿ240-43 ತೆಗೆದುಕೊಳ್ಳಿ, ಎರಡನ್ನು ಜೋಡಿಸಿದರೆ ಇನ್ನೂ ನೆಮ್ಮದಿ. ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು. ಏಳು ಪಟ್ಟಿನ ವರ್ಗ 49. 3.5 ಮೆಗಾಹರ್ಟ್ಸ್ ಕೂಡ ಬೇಕಿದ್ದರೆ 2 ಸುತ್ತು ಕಡಿಮೆ ಬೀಳುತ್ತದೆ, 3 ಮತ್ತು 21 ಸುತ್ತಿ. ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಕೆಪ್ಯಾಸಿಟರ್ ಹಾಕುವುದು ಮೇಲಿನ ಬ್ಯಾಂಡುಗಳಿಗಾಗಿ. ಅದು 3 ಕಿಲೋವೋಲ್ಟ್ ತಾಳುವಂಥದ್ದಿರಲಿ. ಅಗ್ಗದ ಕಡಿಮೆ ವೋಲ್ಟೇಜಿನದು 5 ವ್ಯಾಟಿನಲ್ಲಿ ಸುಮ್ಮನಿದ್ದು 100 ವ್ಯಾಟ್ ಕೊಟ್ಟ ತಕ್ಷಣ ಕೈಕೊಡುತ್ತದೆ.

ಟ್ರಾನ್ಸ್‌ಫಾರ್ಮರನ್ನು ತಂತಿ ಇಲ್ಲದೆ ಪರೀಕ್ಷಿಸಿ: ಸೆಕೆಂಡರಿ ತುದಿಗೂ ನೆಲಕ್ಕೂ ನಡುವೆ 2.2 ಕಿಲೋ ಓಮ್ ಮತ್ತು 240 ಓಮ್ ಕಾರ್ಬನ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಬೆಸೆದು, ಇನ್ನೊಂದು ಬದಿಯಲ್ಲಿ ಎಸ್‌ಡಬ್ಲ್ಯುಆರ್ ಅಳೆಯುವ ಅನಲೈಸರ್ ಇಡಿ. 7ರಿಂದ 28 ಮೆಗಾಹರ್ಟ್ಸ್ ತನಕ ಎಸ್‌ಡಬ್ಲ್ಯುಆರ್ 2 ದಾಟಬಾರದು. ದಾಟಿದರೆ ಮೊದಲು ಸುತ್ತು ಎಣಿಸಿ. ತಂತಿ ಉಂಗುರದ ಒಳಗಿನಿಂದ ಒಂದು ಸಲ ಹಾದರೆ ಅದೇ ಒಂದು ಸುತ್ತು. ಹೊರಗಿನಿಂದ ಎಣಿಸಿ ತಪ್ಪುವವರೇ ಹೆಚ್ಚು.

ತುಟಿಯ ಚುರುಕು ಎರಡನೆಯ ಕಾಯಿಲೆ. ತುದಿಯಿಂದ ಫೀಡ್ ಮಾಡಿದ ತಂತಿಗೂ ಮರಳಿ ಬರುವ ಕರೆಂಟಿಗೆ ದಾರಿ ಬೇಕು. ನೀವು ಕೊಡದಿದ್ದರೆ ಅದು ಕೋಯಾಕ್ಸ್‌ನ ಹೊರ ಮೈ ಹಿಡಿದು ರೇಡಿಯೊ ತನಕ ಬರುತ್ತದೆ. ಪೆಟ್ಟಿಗೆಯ ನೆಲದ ತಿರುಪಿಗೆ 2 ಮೀಟರ್ ತಂತಿಯೊಂದನ್ನು ಇಳಿಬಿಡಿ. 7 ಮೆಗಾಹರ್ಟ್ಸ್‌ನಲ್ಲಿ ಅದು ತರಂಗಾಂತರದ ಇಪ್ಪತ್ತನೇ ಒಂದು ಭಾಗ, ಅಷ್ಟು ಸಾಕು. ಅದಾದ ಮೇಲೆ ಕೋಯಾಕ್ಸ್‌ನಲ್ಲಿ ಪೆಟ್ಟಿಗೆಯಿಂದ 2–3 ಮೀಟರ್ ಈಚೆಗೆ ಒಂದು ಚೋಕ್, ಮನೆಯೊಳಗೆ ನುಗ್ಗುವ ಜಾಗದಲ್ಲಿ ಇನ್ನೊಂದು. ಹೀಗೆ ಮಾಡಿದಾಗ ರಿಸೀವರಿನ ಗದ್ದಲವೂ ಎಷ್ಟೋ ಸಲ ಇಳಿಯುತ್ತದೆ. ಮನೆಯ ಚಾರ್ಜರ್, ದೀಪಗಳ ಕೊಳಕು ಅದೇ ಹೊರ ಮೈಯಲ್ಲಿ ಆಂಟೆನಾಕ್ಕೆ ಏರುತ್ತಿರುತ್ತದೆ.

ಪೆಟ್ಟಿಗೆಯ ತಂತಿ ತುದಿ ಮಕ್ಕಳ ಕೈಗೆ ಸಿಗದಿರಲಿ. 100 ವ್ಯಾಟ್ 2,450 ಓಮ್‌ನಲ್ಲಿ ಹರಿದರೆ ಅಲ್ಲಿ ಸುಮಾರು 500 ವೋಲ್ಟ್, ಶಿಖರದಲ್ಲಿ 700. ತಂತಿಯ ಆಚೆ ತುದಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ರೇಡಿಯೊ ಕರೆಂಟಿನ ಸುಟ್ಟ ಗಾಯ ಚರ್ಮದ ಆಳಕ್ಕೆ ಇಳಿಯುತ್ತದೆ, ಬೇಗ ಮಾಯುವುದಿಲ್ಲ.

ಪ್ರಶ್ನೆ: ಸೂತ್ರದ ಪ್ರಕಾರ ಕತ್ತರಿಸಿದರೂ ಡೈಪೋಲ್ ಬೇಕಾದ ಕಡೆ ಅನುರಣಿಸುವುದಿಲ್ಲ ಏಕೆ? ಎಷ್ಟು ಕತ್ತರಿಸಬೇಕೆಂದು ತಿಳಿಯುವುದು ಹೇಗೆ?

ಉತ್ತರ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವ ಸೂತ್ರ ಬರಿಯ ತಾಮ್ರದ ತಂತಿಗೆ, ಸುಮಾರಾದ ಎತ್ತರಕ್ಕೆ ಒಂದು ಅಂದಾಜು. ಪಿವಿಸಿ ಹೊದಿಕೆಯ ತಂತಿ ಶೇಕಡಾ 2ರಿಂದ 5ರಷ್ಟು ಗಿಡ್ಡವಾಗಬೇಕು. ಎತ್ತರ, ಹತ್ತಿರದ ಲೋಹದ ಛಾವಣಿ, ತೋಳಿನ ಬಾಗು ಎಲ್ಲವೂ ಅನುರಣನವನ್ನು ಎಳೆದಾಡುತ್ತವೆ. ಮೊದಲು ಶೇಕಡಾ 3ರಷ್ಟು ಹೆಚ್ಚು ಬಿಟ್ಟು ಕತ್ತರಿಸಿ, ನಿಜವಾದ ಎತ್ತರಕ್ಕೆ ಏರಿಸಿ ಅಳೆಯಿರಿ. ಎದೆಮಟ್ಟದಲ್ಲಿ ಅಳೆದ ಫಲ ಮೇಲೇರಿದಾಗ ಉಳಿಯುವುದಿಲ್ಲ.

ಆಮೇಲೆ ಗುಣಾಕಾರ: ಈಗಿನ ಉದ್ದ ಗುಣಿಸು ಈಗ ಅನುರಣಿಸುವ ಫ್ರೀಕ್ವೆನ್ಸಿ ಭಾಗಿಸು ಬೇಕಾದ ಫ್ರೀಕ್ವೆನ್ಸಿ. 20.6 ಮೀಟರ್ ತಂತಿ 6.85ರಲ್ಲಿ ಅನುರಣಿಸಿದ್ದು, ನಿಮಗೆ 7.1 ಬೇಕು ಎನ್ನಿ. ಉತ್ತರ 19.87. ಒಟ್ಟು 73 ಸೆಂಟಿಮೀಟರ್ ಹೋಗಬೇಕು, ಪ್ರತಿ ತೋಳಿಗೆ ಮೂವತ್ತಾರೂವರೆ. ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಿಸಿ ಮೂಲ ತಂತಿಗೆ ಒತ್ತಾಗಿ ಸುತ್ತಿ. ಮಡಿಸಿದ ಭಾಗ ಉದ್ದದ ಲೆಕ್ಕಕ್ಕೆ ಬರುವುದಿಲ್ಲ, ಬೇಕೆಂದಾಗ ಬಿಚ್ಚಬಹುದು. ಮಡಿಕೆ ಜೋತಾಡುತ್ತಿದ್ದರೆ ಮಾತ್ರ ಅಳತೆ ಮತ್ತೆ ಕೆಡುತ್ತದೆ.

ಪ್ರಶ್ನೆ: ಎಲ್ಲ ಬ್ಯಾಂಡಿಗೂ ಒಂದೇ ತಂತಿ ಬೇಕು. ಜಿ5ಆರ್‌ವಿ, ವಿಂಡಮ್ – ಹೆಸರು ಕೇಳಿ ತಲೆ ತಿರುಗುತ್ತಿದೆ.

ಉತ್ತರ: ಲೂಯಿ ವಾರ್ನಿ 1946ರಲ್ಲಿ ರೂಪಿಸಿದ ಜಿ5ಆರ್‌ವಿ 31.1 ಮೀಟರ್ ಉದ್ದದ್ದು. 14 ಮೆಗಾಹರ್ಟ್ಸ್‌ನಲ್ಲಿ ಮೂರು ಅರ್ಧ ತರಂಗಾಂತರ ಆಗಲಿ ಎಂದೇ ಆ ಅಳತೆ. ಉಳಿದ ಬ್ಯಾಂಡುಗಳಲ್ಲಿ ಅದಕ್ಕೆ ಟ್ಯೂನರ್ (ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಪೆಟ್ಟಿಗೆ) ಬೇಕೇ ಬೇಕು. ಅದೇ ವಿನ್ಯಾಸವನ್ನು ಬ್ರಯನ್ ಆಸ್ಟಿನ್ ಲೆಕ್ಕಹಾಕಿ ತಿದ್ದಿದ್ದು ಝಡ್‌ಎಸ್6ಬಿಕೆಡಬ್ಲ್ಯು: ಮೇಲಿನ ತಂತಿ ಸುಮಾರು 28 ಮೀಟರ್, ಕೆಳಗಿಳಿಯುವ 450 ಓಮ್ ಏಣಿ ತಂತಿ ಸುಮಾರು 12.4 ಮೀಟರ್. 7, 14, 18, 24, 28ರಲ್ಲಿ ಟ್ಯೂನರಿಗೆ ಕೆಲಸ ಕಡಿಮೆ. 10 ಮತ್ತು 21ರಲ್ಲಿ ಒಗ್ಗುವುದಿಲ್ಲ. ಈಗ ಕಟ್ಟುವವರು ಜಿ5ಆರ್‌ವಿ ಬದಲು ಇದನ್ನೇ ಕಟ್ಟುವುದು ಒಳಿತು. ವಿಂಡಮ್ ಎಂದು ಇಂದು ಕರೆಯುವುದು ನಡುವನ್ನು ಬಿಟ್ಟು ಮೂರನೇ ಒಂದು ಭಾಗದಲ್ಲಿ ಫೀಡ್ ಮಾಡಿದ ಡೈಪೋಲ್, 6.7 ಮತ್ತು 13.4 ಮೀಟರ್ ತೋಳು, 4:1 ಬಾಲನ್ (ಇಂಪಿಡೆನ್ಸ್ ಇಳಿಸುವ ಟ್ರಾನ್ಸ್‌ಫಾರ್ಮರ್), ಅದರ ಕೆಳಗೆ ಚೋಕ್. 7, 14, 28 ಸಿಗುತ್ತದೆ, 21 ಸಿಗುವುದಿಲ್ಲ.

ದೂರದ ಮಾತಿಗೆ ನಮ್ಮ ಆಯ್ಕೆ ಇವ್ಯಾವೂ ಅಲ್ಲ. ಉದ್ದ ತಂತಿಯನ್ನು ಮೇಲಿನ ಬ್ಯಾಂಡಿನಲ್ಲಿ ದುಡಿಸಿದಾಗ ವಿಕಿರಣ ಹಲವು ಎಸಳುಗಳಾಗಿ ಒಡೆಯುತ್ತದೆ. ನಿಮಗೆ ಬೇಕಾದ ದಿಕ್ಕು ಎರಡು ಎಸಳಿನ ನಡುವಿನ ಕಣಿವೆಗೆ ಬೀಳಬಹುದು. ಎಸ್‌ಡಬ್ಲ್ಯುಆರ್ ಮೀಟರ್ ಅದನ್ನು ಹೇಳುವುದಿಲ್ಲ. ಅದರ ಬದಲು ಬೀಸಣಿಗೆ ಡೈಪೋಲ್ ಕಟ್ಟಿ: ಒಂದೇ ಚೋಕ್, ಒಂದೇ ಕೋಯಾಕ್ಸ್, ಅದಕ್ಕೆ 7 ಮೆಗಾಹರ್ಟ್ಸ್‌ನ ಒಂದು ಜೊತೆ ತೋಳು, ಒಟ್ಟು 20.1 ಮೀಟರ್, 14ರ ಇನ್ನೊಂದು ಜೊತೆ, ಒಟ್ಟು 10.1 ಮೀಟರ್. 7ರ ತೋಳು 21ರಲ್ಲೂ ಮೂರು ಪಟ್ಟಾಗಿ ಅನುರಣಿಸುತ್ತದೆ, ಸರಿಯಾಗಿ ಮೂರು ಪಟ್ಟಿಗಿಂತ ತುಸು ಮೇಲೆ. ಎರಡು ಜೊತೆಯ ತುದಿಗಳ ನಡುವೆ ಮುಕ್ಕಾಲು ಮೀಟರಾದರೂ ಅಂತರವಿರಲಿ. ಒತ್ತಾಗಿದ್ದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಉದ್ದದ್ದನ್ನು ಮೊದಲು ಹೊಂದಿಸಿ, ಆಮೇಲೆ ಗಿಡ್ಡದ್ದು, ಕೊನೆಗೆ ಉದ್ದದ್ದನ್ನು ಇನ್ನೊಮ್ಮೆ ನೋಡಿ.

ಪ್ರಶ್ನೆ: 9 ಮೀಟರಿನ ಒಂದೇ ಕಂಬದಲ್ಲಿ 14 ಮೆಗಾಹರ್ಟ್ಸ್‌ಗೆ ಡೆಲ್ಟಾ ಲೂಪ್ ಕಟ್ಟಬೇಕು. ಫೀಡ್ ಎಲ್ಲಿ ಕೊಡಬೇಕು? ಕೆಳಗಿನ ತಂತಿಯ ನಡುವೆ ಕೊಟ್ಟವರು ಉಪಯೋಗವಿಲ್ಲ ಎನ್ನುತ್ತಾರೆ.

ಉತ್ತರ: ಆ ಆಂಟೆನಾದ ಜೀವ ಇರುವುದೇ ಫೀಡ್ ಕೊಡುವ ಜಾಗದಲ್ಲಿ. ಕೆಳ ತಂತಿಯ ನಡುವೆ ಕೊಟ್ಟರೆ ವಿಕಿರಣ ಅಡ್ಡ ಧ್ರುವೀಕರಣದ್ದಾಗುತ್ತದೆ. ತಗ್ಗಿನಲ್ಲಿರುವುದರಿಂದ ಮೊದಲ ಪ್ರಶ್ನೆಯ ಡೈಪೋಲಿನ ಹಾಗೆ ಬಹುಪಾಲು ಮೇಲಕ್ಕೇ ಹೋಗುತ್ತದೆ. ಶಿಖರದಿಂದ ಒಂದು ಪಕ್ಕೆಯಲ್ಲಿ ಕಾಲು ತರಂಗಾಂತರ ಇಳಿದು ಅಲ್ಲಿ ಕೊಟ್ಟರೆ ಅದೇ ತಂತಿ ಲಂಬ ಧ್ರುವೀಕರಣಕ್ಕೆ ತಿರುಗಿ, ಸುಮಾರು 20 ಡಿಗ್ರಿಯ ತಗ್ಗು ಕೋನದಲ್ಲಿ ಕಳಿಸುತ್ತದೆ. ರೇಡಿಯಲ್ ಗೊಡವೆಯೂ ಇಲ್ಲ.

ಒಟ್ಟು ಉದ್ದಕ್ಕೆ 306ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 14.15ಕ್ಕೆ 21.6 ಮೀಟರ್. ಮೂರು ಬದಿ ಸಮ ಎಂದರೆ ತಲಾ 7.2 ಮೀಟರ್, ತ್ರಿಕೋನದ ಎತ್ತರ 6.2. ಶಿಖರ ಕಂಬದ ತುದಿಯಲ್ಲಿದ್ದರೆ ಕೆಳ ತಂತಿ ನೆಲದಿಂದ 2.8 ಮೀಟರಿನಲ್ಲಿ ಹಾಯುತ್ತದೆ, ತಲೆಗೆ ತಾಗದು. ಶಿಖರದಿಂದ 5.4 ಮೀಟರ್ ಅಳೆದು ಅಲ್ಲಿ ಫೀಡ್ ಪಾಯಿಂಟ್ ಮಾಡಿ. ಕೆಳ ಮೂಲೆ ಅದಕ್ಕಿಂತ 1.8 ಮೀಟರ್ ಆಚೆ ಉಳಿಯುತ್ತದೆ. ಅಲ್ಲಿನ ಇಂಪಿಡೆನ್ಸ್ 100–120 ಓಮ್. ಅದನ್ನು 50ಕ್ಕೆ ಇಳಿಸಲು 75 ಓಮ್ ಕೋಯಾಕ್ಸ್‌ನ ಕಾಲು ತರಂಗಾಂತರದ ತುಂಡು ಸಾಕು. ಗಟ್ಟಿ ಪಾಲಿಥೀನ್ ತುಂಬಿದ ಕೇಬಲಿನ ವೇಗಾಂಶ (ಬೆಳಕಿನ ವೇಗಕ್ಕೆ ಹೋಲಿಸಿದರೆ ಅದರೊಳಗಿನ ಅಲೆಯ ವೇಗ) 0.66, ತುಂಡಿನ ಉದ್ದ 3.5 ಮೀಟರ್. ಒಳಗೆ ನೊರೆ ತುಂಬಿದ ಟಿವಿ ಕೇಬಲ್ ಆದರೆ ವೇಗಾಂಶ 0.8ರ ಆಸುಪಾಸು, ಉದ್ದ 4.2ಕ್ಕೆ ಏರುತ್ತದೆ. ಇದನ್ನು ಮರೆತು 3.5ಕ್ಕೇ ಕತ್ತರಿಸುವುದು ಸಾಮಾನ್ಯ ತಪ್ಪು. ತುಂಡು ಮುಗಿದಲ್ಲಿ ಚೋಕ್, ಅಲ್ಲಿಂದ ಮುಂದೆ 50 ಓಮ್ ಕೇಬಲ್. ಕೇಬಲನ್ನು ಪಕ್ಕೆಗೆ ಸಾಧ್ಯವಾದಷ್ಟು ಲಂಬವಾಗಿ ದೂರ ಒಯ್ದು ಇಳಿಸಿ.

ಲೂಪ್ ತನ್ನ ಸಮತಲಕ್ಕೆ ಅಡ್ಡಲಾಗಿ, ಹಿಂದೆ ಮುಂದೆ ಎರಡೂ ಕಡೆ ಕಳಿಸುತ್ತದೆ. ಕೆಳ ಮೂಲೆಗಳ ಹಗ್ಗ ಬಿಚ್ಚಿ ಬೇರೆ ಗೂಟಕ್ಕೆ ಕಟ್ಟಿದರೆ ದಿಕ್ಕು ಬದಲು. ಆದರೆ 10 ಮೀಟರಿಗಿಂತ ಎತ್ತರದ ಎರಡು ಆಧಾರ ನಿಮಗೆ ಸಿಕ್ಕರೆ ಡೆಲ್ಟಾ ಬಿಟ್ಟು ಸಾದಾ ಡೈಪೋಲ್ ಎಳೆಯಿರಿ. ಅರ್ಧ ತರಂಗಾಂತರ ಎತ್ತರದಲ್ಲಿ ಅಡ್ಡ ತಂತಿಗೆ ನೆಲದ ಪ್ರತಿಫಲನದಿಂದ 5–6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಲಂಬ ಧ್ರುವೀಕರಣಕ್ಕೆ ಒಣ, ಕಲ್ಲು ನೆಲದಲ್ಲಿ ಆ ಭಾಗ್ಯವಿಲ್ಲ. ಸಮುದ್ರದ ಉಪ್ಪು ನೀರಿನ ಅಂಚಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ, ಅಲ್ಲಿ ಲಂಬ ತಂತಿಯೇ ದೊರೆ.

ಪ್ರಶ್ನೆ: ಆರ್‌ಜಿ-58 ಕೇಬಲ್ 35 ಮೀಟರ್ ಇದೆ. ಬದಲಿಸಬೇಕೆ?

ಉತ್ತರ: 7 ಮೆಗಾಹರ್ಟ್ಸ್ ಮಾತ್ರವಾದರೆ ಬೇಡ. 14ರಲ್ಲಿ ಈ ಕೇಬಲ್ 30 ಮೀಟರಿಗೆ ಸುಮಾರು ಒಂದೂವರೆ ಡೆಸಿಬೆಲ್ ನುಂಗುತ್ತದೆ, ಆರ್‌ಜಿ-213 ಅದರ ಅರ್ಧ. 28ಕ್ಕೆ ಹೋದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಣ ಹಾಕುವ ಮುಂಚೆ ಕನೆಕ್ಟರ್ ಬಿಚ್ಚಿ ಹೆಣಿಗೆಯ ಬಣ್ಣ ನೋಡಿ. ಕಪ್ಪಾಗಿದ್ದರೆ ನೀರು ಇಳಿದಿದೆ, ಆ ಕೇಬಲ್ ಎಷ್ಟೇ ಒಳ್ಳೆ ಜಾತಿಯದ್ದಾದರೂ ಎಸೆಯಬೇಕು. ನೀರು ಕುಡಿದ ಕೇಬಲಿನಲ್ಲಿ ಎಸ್‌ಡಬ್ಲ್ಯುಆರ್ ಮೊದಲಿಗಿಂತ ಚೆನ್ನಾಗಿ ಕಾಣಿಸುತ್ತದೆ, ಏಕೆಂದರೆ ಹೋದ ಶಕ್ತಿ ಮರಳಿ ಬರುವುದೇ ಇಲ್ಲ.

ಪ್ರಶ್ನೆ: ಹೊಸ ಆಂಟೆನಾ ಹಳೆಯದಕ್ಕಿಂತ ಮೇಲೆಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ: ಹಳೆಯದನ್ನು ಇಳಿಸಬೇಡಿ. ನಿನ್ನೆ ಕೇಳಿದ್ದನ್ನೂ ಇಂದು ಕೇಳಿದ್ದನ್ನೂ ಹೋಲಿಸಿದರೆ ನೀವು ಅಳೆದದ್ದು ಅಯಾನುಗೋಳವನ್ನು. ಎರಡನ್ನೂ ಕಟ್ಟಿ, ಸ್ವಿಚ್ಚಿನಲ್ಲಿ ಬದಲಿಸುತ್ತ ಡಬ್ಲ್ಯುಎಸ್‌ಪಿಆರ್ (ಸಣ್ಣ ಶಕ್ತಿಯ ಸಂಕೇತವನ್ನು ಯಾರು ಎಷ್ಟು ಚೆನ್ನಾಗಿ ಕೇಳಿದರೆಂದು ತೋರಿಸುವ ಡಿಜಿಟಲ್ ವಿಧಾನ) ನಡೆಸಿ. ಅದರ ಒಂದು ಪ್ರಸಾರ ಎರಡು ನಿಮಿಷಕ್ಕೆ ತುಸು ಕಡಿಮೆ, ಸುಮಾರು 110 ಸೆಕೆಂಡು ಇರುತ್ತದೆ. 200 ಮಿಲಿವ್ಯಾಟ್ ಸಾಕು. ಒಂದು ಸರದಿ ಒಂದರಲ್ಲಿ, ಮುಂದಿನದು ಇನ್ನೊಂದರಲ್ಲಿ. ಎರಡನ್ನೂ ಕೇಳಿಸಿಕೊಂಡ ಒಂದೇ ನಿಲ್ದಾಣದ ಡೆಸಿಬೆಲ್ ಅಂಕಿಗಳನ್ನು ಮಾತ್ರ ಹೋಲಿಸಿ, ಮೂರ್ನಾಲ್ಕು ದಿನ, ಹಗಲು ರಾತ್ರಿ ಎರಡೂ. ಹತ್ತಿರದವರನ್ನೂ 3,000 ಕಿಲೋಮೀಟರ್ ಆಚೆಯವರನ್ನೂ ಬೇರೆ ಬೇರೆ ಪಟ್ಟಿ ಮಾಡಿ; ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದರೆ ವರ್ಟಿಕಲ್ ಸೋತಂತೆ ಕಂಡೀತು. 1–2 ಡೆಸಿಬೆಲ್ ವ್ಯತ್ಯಾಸವನ್ನು ನಂಬಬೇಡಿ. 5–6 ಇದ್ದರೆ, ಅಂದರೆ ರಿಸೀವರಿನ ಸಂಕೇತ ಮೀಟರಿನಲ್ಲಿ ಒಂದು ಎಸ್ ಅಂಕದಷ್ಟಿದ್ದರೆ, ಅದು ನಿಜವಾದ ಗೆಲುವು.

ಪ್ರಶ್ನೆ: ಮರಕ್ಕೆ ಕಟ್ಟಿದ ತಂತಿ ಗಾಳಿಗೆ ಪದೇಪದೇ ಕಡಿಯುತ್ತದೆ.

ಉತ್ತರ: ಎರಡು ತುದಿಯನ್ನೂ ಬಿಗಿಯಾಗಿ ಕಟ್ಟಿದ್ದೀರಿ. ಮರ ಓಲಾಡುತ್ತದೆ, ತಂತಿ ಓಲಾಡದು. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಕೆಳಗೆ ಮರಳು ತುಂಬಿದ ಡಬ್ಬ ಜೋತುಬಿಡಿ. ಮರ ಬಾಗಿದಾಗ ಡಬ್ಬ ಏರುತ್ತದೆ, ನಿಂತಾಗ ಇಳಿಯುತ್ತದೆ. ಮರಳನ್ನು ಸ್ವಲ್ಪಸ್ವಲ್ಪವೇ ಹಾಕುತ್ತ, ತಂತಿಯ ಜೋಲು ಒಪ್ಪುವಷ್ಟಾದಾಗ ನಿಲ್ಲಿಸಿ. ಡಬ್ಬದ ಕೆಳಗೆ ಯಾರೂ ನಡೆಯದ ಜಾಗವಿರಲಿ. ಹಗ್ಗ ಪಾಲಿಯೆಸ್ಟರ್‌ನದ್ದಿರಲಿ, ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಯಾಗುತ್ತದೆ. ತಂತಿ ಎಲೆಗಳಿಂದ ಆಚೆಗೇ ಮುಗಿಯಲಿ, ಇನ್ಸುಲೇಟರಿನಿಂದ ಕೊಂಬೆಗೆ ಒಂದೆರಡು ಮೀಟರ್ ಹಗ್ಗ ಉಳಿಯಲಿ. ಮೆದು ತಾಮ್ರ ಎಳೆದಂತೆ ಉದ್ದವಾಗಿ ಅನುರಣನ ಕೆಳಗಿಳಿಯುತ್ತದೆ. ಹೊರಮೈ ತಾಮ್ರ, ಒಳಗೆ ಉಕ್ಕು ಇರುವ ತಂತಿ ಸಿಕ್ಕರೆ ಆ ತೊಂದರೆಯಿಲ್ಲ. ಮತ್ತೆ, ಮರ ಯಾವುದೇ ಇರಲಿ, ತಂತಿ ಕಡಿದು ಬೀಸಿದರೂ ವಿದ್ಯುತ್ ಲೈನಿಗೆ ತಾಗದ ದೂರದಲ್ಲೇ ಕಟ್ಟಿ. ಗುಡುಗು ಕೇಳಿಸುವ ಮೊದಲೇ, ಮೋಡ ಕಟ್ಟುವಾಗಲೇ ಕೋಯಾಕ್ಸ್ ಬಿಚ್ಚಿ ಮನೆಯ ಹೊರಗೆ ಬಿಡಿ.